ಜಗಳ ಗಾಡಿಯದ್ದಾಗಿತ್ತು

ಹತ್ತೂವರೆಯಾದರೂ ನಲ್ಲಿ ಬಿಟ್ಟಿರಲಿಲ್ಲ. ಟ್ಯಾಂಕರ್ ಬಂದು ನೀರು ತುಂಬಿಸಿ ಹೋಗಿ ಆಗಲೇ ಒಂದೂವರೆ ಗಂಟೆಯಾಗಿತ್ತು. ಹತ್ತು ಸಾವಿರ ಲೀಟರಿನ ಬ್ಲ್ಯಾಡರ್ ಟ್ಯಾಂಕು, ಅಂದರೆ ನೀರು ತುಂಬಿದಂತೆ ಉಬ್ಬುವ ದೊಡ್ಡ ಚೀಲ, ಕೆರೆಯಲ್ಲಿ ಬಿದ್ದುಕೊಂಡ ಎಮ್ಮೆಯ ಹಾಗೆ ದಿಬ್ಬದ ಮೇಲೆ ಉಬ್ಬಿಕೊಂಡಿತ್ತು. ಅದರ ಕೆಳಗೆ ಆರು ನಲ್ಲಿ, ನಲ್ಲಿಗಳ ಮುಂದೆ ಕ್ಯಾನುಗಳ ಸಾಲು, ಸಾಲಿನ ತುದಿ ಡೇರೆಗಳ ಹಿಂದೆ ತಿರುಗಿ ಕಾಣದಾಗಿತ್ತು. ನಮ್ಮ ನೀರಿನ ಎಂಜಿನಿಯರ್ ಅಂಗೈಯಗಲದ ಪೂಲ್ ಟೆಸ್ಟರ್‌ಗೆ ನೀರು ಹಿಡಿದು, ಡಿಪಿಡಿ ಮಾತ್ರೆಯೊಂದನ್ನು ಬೆರಳು ತಾಗದಂತೆ ಅದರ ಹಾಳೆಯಿಂದಲೇ ಒಳಗೆ ಬೀಳಿಸಿ, ಮುಚ್ಚಳ ಹಾಕಿ ಅಲ್ಲಾಡಿಸಿದರು. ಕ್ಲೋರಿನ್ ಇದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮಾತ್ರೆ ಕರಗಿತು, ನೀರು ನೀರಾಗಿಯೇ ಉಳಿಯಿತು. ಹಾಗಾಗುತ್ತದೆಂದು ಅವರಿಗೆ ಗೊತ್ತೇ ಇತ್ತು, ಕ್ಲೋರಿನ್ ಹಾಕೇ ಇರಲಿಲ್ಲವಲ್ಲ, ಅದನ್ನು ತರಬೇಕಿದ್ದ ಗಾಡಿ ಟಾರ್ಪಾಲು ಹೊತ್ತು ಹೋಗಿತ್ತು. ಪರೀಕ್ಷೆ ಮಾಡಿದ್ದು ಎದುರಿಗೆ ನಿಂತಿದ್ದ, ಸಾಮಾನು ಸಾಗಣೆ ನೋಡಿಕೊಳ್ಳುವ ಲಾಜಿಸ್ಟಿಕ್ಸ್ ಮೇಡಂಗೆ ತೋರಿಸುವುದಕ್ಕೆ.

“ನೋಡಿ ಮೇಡಂ. ಇದನ್ನು ಕುಡಿಸಲಾ ಇವರಿಗೆ?”

“ರಾತ್ರಿ ಮಳೆ ಬರುತ್ತೆ ಅಂತ ನಿಮಗೂ ಗೊತ್ತಿತ್ತು. ನಿನ್ನೆ ಬಂದ ಇನ್ನೂರು ಕುಟುಂಬ ಬಯಲಲ್ಲಿ ಕೂತಿದೆ. ಟಾರ್ಪಾಲು ಮೊದಲು ಹೋಗಬೇಕಿತ್ತು, ಹೋಯಿತು. ಶಿಬಿರ ಇರೋದು ನಿಮ್ಮ ಟ್ಯಾಂಕಿಗೋಸ್ಕರ ಅಲ್ಲ.”

“ಟಾರ್ಪಾಲು ಇಲ್ಲದಿದ್ದರೆ ನೆನೀತಾರೆ. ಈ ನೀರು ಕುಡಿದರೆ ಸಾಯ್ತಾರೆ.”

“ನಮ್ಮ ಜನ ಹೇಗೆ ಸಾಯ್ತಾರೆ ಅಂತ ನೀವು ನನಗೆ ಹೇಳಿಕೊಡಬೇಡಿ.”

ಸಾಲಿನಲ್ಲಿ ಮಾತು ನಿಂತಿತು. ಎಲ್ಲರಿಗಿಂತ ಮುಂದಿದ್ದ ವಯಸ್ಸಾದ ಹೆಂಗಸೊಬ್ಬರು ಇವರಿಬ್ಬರನ್ನೂ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದರು. ತಂಡಕ್ಕೆ ಯಾರು ಹೊಣೆ ಅನ್ನುವುದನ್ನು ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಏನು ಮಾಡಿದೆ ಅಂದರೆ, ಗಡಿಯಾರ ನೋಡಿಕೊಂಡೆ.

ಪ್ರವಾಹದಲ್ಲಿ ಊರು ಬಿಟ್ಟು ಬಂದವರ ಶಿಬಿರವೊಂದರಲ್ಲಿ ಐದು ತಿಂಗಳು ತಂಡ ನಡೆಸಿದ ಅನುಭವ ಇದು. ಊರು, ಸಂಸ್ಥೆ, ಜನ ಯಾವುದರ ಹೆಸರನ್ನೂ ಹೇಳುವುದಿಲ್ಲ. ಎಲ್ಲರನ್ನೂ ಅವರವರ ಕೆಲಸದ ಹೆಸರಿನಲ್ಲೇ ಕರೆಯುತ್ತೇನೆ. ಪರಿಹಾರ ಕಾರ್ಯ ಅಂದರೆ ಹೊರಗಿನವರ ಕಣ್ಣಿಗೆ ನೀರು, ಔಷಧಿ, ಡೇರೆ ಬರುತ್ತವೆ. ಒಳಗಿದ್ದವರನ್ನು, ನಿಮ್ಮ ನಿದ್ದೆ ಕೆಡಿಸಿದ್ದು ಏನು ಅಂತ ಕೇಳಿ ನೋಡಿ. ಬಹಳ ಮಂದಿ ಪ್ರವಾಹದ ಸುದ್ದಿ ಎತ್ತುವುದಿಲ್ಲ, ಯಾವುದೋ ಸಹೋದ್ಯೋಗಿಯ ಹೆಸರು ಹೇಳುತ್ತಾರೆ.

ನಾವು ಹದಿನಾಲ್ಕು ಜನ. ಎಂಜಿನಿಯರ್, ನಾನು, ಆರೋಗ್ಯ ಜಾಗೃತಿ ನೋಡಿಕೊಳ್ಳುವವರೊಬ್ಬರು ಹೊರಗಿನಿಂದ ಬಂದವರು. ಉಳಿದ ಹನ್ನೊಂದು ಜನ ಅಲ್ಲಿಯವರೇ. ಅವರಲ್ಲಿ ಕೆಲವರ ಮನೆಯೂ ಅದೇ ನೀರಿನಲ್ಲಿ ಮುಳುಗಿತ್ತು. ಹೊರಗಿನವರಿಗೆ ಕಚೇರಿಯೇ ಮನೆ. ಕೆಳಗೆ ಮೇಜು, ಮೇಲೆ ಹಾಸಿಗೆ. ಹಗಲು ಯಾರ ಜೊತೆ ಮಾತು ಬಿಟ್ಟಿರೋ ಅವರ ಜೊತೆಗೇ ರಾತ್ರಿ ಬಚ್ಚಲಿನ ಸರದಿಗೆ ನಿಲ್ಲಬೇಕು. ಸಾಮಾನ್ಯ ಕಚೇರಿಯಲ್ಲಿ ಮನಸ್ತಾಪವಾದರೆ ಸಂಜೆ ಮನೆಗೆ ಹೋಗಿ ಬೈದು ಹಗುರಾಗಬಹುದು. ಇಲ್ಲಿ ಆ ಸಂಜೆಯೇ ಇರುವುದಿಲ್ಲ.

ಕೆಸರಿನಲ್ಲಿ ಓಡಬಲ್ಲ ಫೋರ್ ವೀಲ್ ಡ್ರೈವ್ ಗಾಡಿ ಇದ್ದದ್ದು ಒಂದೇ. ಇದನ್ನು ನೆನಪಿಟ್ಟುಕೊಳ್ಳಿ. ನನಗೆ ನೆನಪಿಟ್ಟುಕೊಳ್ಳಲು ಮೂರು ವಾರ ಬೇಕಾಯಿತು.

ಆವತ್ತು ನಲ್ಲಿಯ ಮುಂದೆ ಇಬ್ಬರೂ ಹೇಳಿದ್ದು ಸರಿಯೇ ಇತ್ತು, ಕಷ್ಟ ಇದ್ದದ್ದೂ ಅಲ್ಲೇ. ಈ ಕೆಲಸದಲ್ಲಿರುವವರೆಲ್ಲ, ಪರಿಹಾರ ಕಾರ್ಯದ ಕನಿಷ್ಠ ಮಟ್ಟಗಳನ್ನು ಹೇಳುವ ಸ್ಫಿಯರ್ ಕೈಪಿಡಿಯ ಅಂಕಿಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡಿರುತ್ತಾರೆ. 1994ರ ರುವಾಂಡಾ ನರಮೇಧದ ನಂತರದ ನಿರಾಶ್ರಿತರ ಶಿಬಿರಗಳಲ್ಲಿ ಆದ ಎಡವಟ್ಟುಗಳಿಂದ ಪಾಠ ಕಲಿತು 1997ರಲ್ಲಿ ಶುರುವಾದ ಪ್ರಯತ್ನ ಅದು, ಈಗ ಚಾಲ್ತಿಯಲ್ಲಿರುವುದು 2018ರ ಆವೃತ್ತಿ. ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 250 ಜನಕ್ಕೊಂದು ನಲ್ಲಿ, 20 ಜನಕ್ಕೊಂದು ಶೌಚಾಲಯ, ತಲೆಗೆ 3.5 ಚದರ ಮೀಟರ್ ಸೂರು, ನೀರಿನ ಸಾಲಿನಲ್ಲಿ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲಿಸಬಾರದು, ನಲ್ಲಿಯ ನೀರಿನಲ್ಲಿ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಎಂಜಿನಿಯರ್ ಆ ಪುಸ್ತಕದ ನೀರಿನ ಅಧ್ಯಾಯ ಹಿಡಿದಿದ್ದರು, ಮೇಡಂ ಸೂರಿನ ಅಧ್ಯಾಯ ಹಿಡಿದಿದ್ದರು. ಗಾಡಿ ಒಂದೇ ಇದ್ದಾಗ ಯಾವ ಅಧ್ಯಾಯ ಮೊದಲು ಓದಬೇಕು ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ಬರೆಯಬೇಕಾದವರು ತಂಡದ ಮುಖ್ಯಸ್ಥರು. ಅಂದರೆ ನಾನು.

ಆದರೆ ಆಗ ನನಗೆ ಹಾಗೆ ಹೊಳೆಯಲಿಲ್ಲ. ಸಂಜೆಯ ಸಭೆಯಲ್ಲಿ ಇಬ್ಬರನ್ನೂ ಎದುರು ಬದುರು ನಿಲ್ಲಿಸಿ ಕೈ ಕುಲುಕಿಸಿದೆ. ನಾವೆಲ್ಲ ಒಂದೇ ಕುಟುಂಬ ಅಂತ ಏನೋ ಹೇಳಿದೆ. ಈಗ ನೆನೆಸಿಕೊಂಡರೆ ಮೈ ಹಿಡಿಯಾಗುತ್ತದೆ. ಮನೆ ಕಳೆದುಕೊಂಡವರ ಮುಂದೆ ನಿಂತು ಕುಟುಂಬದ ಮಾತಾಡಿದ್ದೆ. ಕೈಗಳೇನೋ ಸೇರಿದವು. ಮೇಡಂ ಕೈ ಬಿಡಿಸಿಕೊಂಡು ಲಾಗ್‌ಬುಕ್ ಎತ್ತಿಕೊಂಡು ಹೋದರು, ಎಂಜಿನಿಯರ್ ಫೋನ್ ನೋಡತೊಡಗಿದರು.

ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳಲು ಒಂದು ಸಿದ್ಧಾಂತವೂ ಇತ್ತು. ತರಬೇತಿಗಳಲ್ಲಿ ತಪ್ಪದೆ ಹೇಳಿಕೊಡುವ, ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲಿ ಮುಂದಿಟ್ಟ ನಾಲ್ಕು ಹಂತಗಳು: ಗುಂಪು ಕೂಡುತ್ತದೆ, ಕಿತ್ತಾಡುತ್ತದೆ, ಹೊಂದಿಕೊಳ್ಳುತ್ತದೆ, ಆಮೇಲೆ ಕೆಲಸ ಮಾಡುತ್ತದೆ. ಇದು ಎರಡನೇ ಹಂತ, ತಾನಾಗಿ ಕಳೆಯುತ್ತದೆ ಅಂದುಕೊಂಡೆ. ಟಕ್‌ಮನ್ ಬಹುಪಾಲು ನೋಡಿದ್ದು ಚಿಕಿತ್ಸಾ ಗುಂಪುಗಳ, ತರಬೇತಿ ಗುಂಪುಗಳ ಮೇಲಿನ ಅಧ್ಯಯನಗಳನ್ನು. ಅಲ್ಲಿ ಇದ್ದವರೇ ಇರುತ್ತಾರೆ. ನಮ್ಮಲ್ಲಿ ಆರು ವಾರಕ್ಕೊಬ್ಬರು ಬರುತ್ತಾರೆ, ಎಂಟು ವಾರಕ್ಕೊಬ್ಬರು ಹೋಗುತ್ತಾರೆ. ಪ್ರತಿ ಸಲವೂ ಗುಂಪು ಮತ್ತೆ ಮೊದಲಿನಿಂದ ಕೂಡಬೇಕು. ಕಾಯುತ್ತಾ ಕೂತರೆ ಎರಡನೇ ಹಂತದಲ್ಲೇ ಪ್ರಾಜೆಕ್ಟ್ ಮುಗಿಯುತ್ತದೆ.

ಹಾಗಂತ ಜಗಳ ಮುಂದುವರಿಯಲಿಲ್ಲ, ಅದೇ ಕೆಟ್ಟ ಸೂಚನೆ. ಇಬ್ಬರೂ ಮಾತು ಬಿಟ್ಟರು. ಒಂದೇ ಕೋಣೆಯಲ್ಲಿ ಕೂತು ಇಮೇಲ್ ಕಳಿಸತೊಡಗಿದರು, ಅದರ ಪ್ರತಿ ನನಗೆ, ಆಮೇಲೆ ನನ್ನ ಮೇಲಿನವರಿಗೆ. ಡ್ರೈವರುಗಳು ಎರಡು ಪಂಗಡವಾದರು. ಟೀ ಹೊತ್ತಿನ ತಮಾಷೆ ನಿಂತಿತು. ಸಮುದಾಯದ ಜೊತೆ ಓಡಾಡುವ ಹುಡುಗಿಯೊಬ್ಬಳು ಯಾರ ಮೇಜಿನ ಹತ್ತಿರ ಕೂತರೆ ಯಾರಿಗೆ ಸಿಟ್ಟು ಬರುತ್ತದೋ ಅಂತ ಮೆಟ್ಟಿಲ ಮೇಲೆ ಕೂತು ವರದಿ ಬರೆಯುವುದನ್ನು ನೋಡಿದೆ. ಕೂಗಾಡುವ ತಂಡಕ್ಕಿಂತ ಅತಿ ಮರ್ಯಾದೆಯಿಂದ ಮಾತಾಡುವ ತಂಡವನ್ನು ಕಂಡರೆ ನನಗೆ ಈಗಲೂ ದಿಗಿಲು.

ಎರಡನೇ ವಾರದ ಕೊನೆಗೆ, ಇಪ್ಪತ್ತು ವರ್ಷ ಇದೇ ಕೆಲಸದಲ್ಲಿ ಸವೆದ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಫೋನ್ ಮಾಡಿದೆ. ಒಬ್ಬರನ್ನು ಬೇರೆ ಕಡೆ ಕಳಿಸಿಬಿಡಲಾ ಅಂತ ಕೇಳುವುದಿತ್ತು. ಎಂಜಿನಿಯರ್ ಮುಂಗೋಪಿ, ಮೇಡಂ ಹಟಮಾರಿ, ಎಣ್ಣೆ ಸೀಗೇಕಾಯಿ ಅಂತ ಅರ್ಧ ಗಂಟೆ ವಿವರಿಸಿದೆ. ಅವರು ಎಲ್ಲ ಕೇಳಿ ಒಂದೇ ಮಾತು ಕೇಳಿದರು:

“ಅವರಿಬ್ಬರನ್ನೂ ಎಬ್ಬಿಸಿ ಆ ಕುರ್ಚಿಗಳಲ್ಲಿ ಬೇರೆ ಇಬ್ಬರು ಒಳ್ಳೆಯವರನ್ನು ಕೂರಿಸು. ಜಗಳ ನಿಲ್ಲುತ್ತಾ?”

ನಿಲ್ಲುತ್ತೆ ಅನ್ನಲು ಬಾಯಿ ತೆರೆದೆ. ಆಗ ನನಗಿಂತ ಹಿಂದಿನವರು ಬಿಟ್ಟುಹೋದ ಹ್ಯಾಂಡೋವರ್ ಟಿಪ್ಪಣಿ ನೆನಪಾಯಿತು. ನಾಲ್ಕನೇ ಪುಟದಲ್ಲಿ ಒಂದು ಸಾಲು: “ಗಾಡಿ ವಿಷಯದಲ್ಲಿ ಆಗಾಗ ಕಿರಿಕಿರಿ.” ಆಗ ಇದ್ದ ಎಂಜಿನಿಯರೂ ಬೇರೆ, ಲಾಜಿಸ್ಟಿಕ್ಸ್‌ನವರೂ ಬೇರೆ.

ಅಲ್ಲಿಂದ ನಿಜವಾದ ಕೆಲಸ ಶುರುವಾಯಿತು. ಮೊದಲು ಒಬ್ಬೊಬ್ಬರ ಜೊತೆ ಬೇರೆಬೇರೆಯಾಗಿ ಕೂರುವುದು ಅಂತ ಇಟ್ಟುಕೊಂಡೆ. ಎಂಜಿನಿಯರ್ ಜೊತೆ ಟ್ಯಾಂಕಿನ ಪಕ್ಕ, ಬೋರಲು ಹಾಕಿದ ಬಕೆಟ್ಟುಗಳ ಮೇಲೆ. ನಾನು ಹಾಕಿಕೊಂಡ ಕಟ್ಟುಪಾಡು ಒಂದೇ: ಪರಿಹಾರ ಹೇಳಬಾರದು, ಎದುರು ಪಕ್ಷದ ವಕಾಲತ್ತು ವಹಿಸಬಾರದು. ಹೇಳಿದಷ್ಟು ಸುಲಭವಲ್ಲ. ಮೊದಲ ಹತ್ತು ನಿಮಿಷ ಮೇಡಂ ಮೇಲೆ ದೂರು. ನಾನು ಮೂರು ಸಲ ನಾಲಿಗೆ ಕಚ್ಚಿಕೊಂಡೆ. ದೂರು ಬತ್ತಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಿಂದೆ ಕೆಲಸ ಮಾಡಿದ ಬೇರೊಂದು ಶಿಬಿರದ ವಿಷಯ ಎತ್ತಿದರು. ಅಲ್ಲಿ ಎರಡು ದಿನ ಕ್ಲೋರಿನ್ ಇಲ್ಲದೆ ನೀರು ಬಿಟ್ಟಿದ್ದರು, ಇವರೇ ಒಪ್ಪಿಗೆ ಕೊಟ್ಟು. ಮುಂದಿನ ವಾರ ಭೇದಿಯ ವಾರ್ಡು ತುಂಬಿತು. ಅದು ಆ ನೀರಿನಿಂದಲೇ ಅಂತ ಯಾರೂ ಸಾಬೀತು ಮಾಡಲಿಲ್ಲ. “ಅಲ್ಲ ಅಂತಲೂ ಯಾರೂ ಹೇಳಲಿಲ್ಲ,” ಅಂದರು. ಪೂಲ್ ಟೆಸ್ಟರ್ ಅವರ ಜೇಬಿನಲ್ಲೇ ಇತ್ತು. ಮಾತಾಡುವಾಗೆಲ್ಲ ಅದರ ಮುಚ್ಚಳ ತೆಗೆದು ಹಾಕುತ್ತಿದ್ದರು.

ಮೇಡಂ ಜೊತೆ ಉಗ್ರಾಣದಲ್ಲಿ, ಕಂಬಳಿ ಬೇಲುಗಳ ನಡುವೆ. ಅವರು ದೂರಿನಿಂದ ಶುರು ಮಾಡಲಿಲ್ಲ. ಡೀಸೆಲ್ ಚೀಟಿಗಳನ್ನು ದಿನಾಂಕದ ಪ್ರಕಾರ ಜೋಡಿಸುತ್ತಲೇ, “ನನ್ನನ್ನು ಬದಲಾಯಿಸೋಕೆ ಬಂದಿದ್ದೀರಾ?” ಅಂತ ಕೇಳಿದರು. ಇಲ್ಲ ಅಂದೆ. ಆಮೇಲೆ ಒಂದೊಂದಾಗಿ ಬಂತು. ಅವರು ನೆಂಟರ ಮನೆಯ ಒಂದು ಕೋಣೆಯಲ್ಲಿ ಒಂಬತ್ತು ಜನರ ಜೊತೆ ಮಲಗುತ್ತಿದ್ದರು. ಹೊರಗಿನವರಿಗೆ ಆರೆಂಟು ವಾರಕ್ಕೊಮ್ಮೆ ವಿಶ್ರಾಂತಿ ರಜೆ ಇತ್ತು, ಅವರಿಗೆ ಇಲ್ಲ. ಪರಿಸ್ಥಿತಿ ಕೆಟ್ಟರೆ ಹೊರಗಿನವರನ್ನು ಮೊದಲು ಸಾಗಿಸುವ ಯೋಜನೆ ಗೋಡೆಯ ಮೇಲಿತ್ತು, ಆ ಪಟ್ಟಿಗೆ ಗಾಡಿ ಹೊಂದಿಸುವವರು ಅವರೇ, ಆದರೆ ಅವರ ಹೆಸರು ಅದರಲ್ಲಿ ಇರಲಿಲ್ಲ. ಒಂದು ಲೀಟರ್ ಡೀಸೆಲ್ ಲೆಕ್ಕ ತಪ್ಪಿದರೆ ಆಡಿಟ್‌ನಲ್ಲಿ ಉತ್ತರಿಸಬೇಕಾದವರೂ ಅವರೇ. ಇಷ್ಟರ ಮೇಲೆ ಎಂಜಿನಿಯರ್ ಒಂದು ಸಂದೇಶದಲ್ಲಿ “ನಿಮ್ಮವರಿಗೆ ಹೇಳಿ, ಸಾಲು ಸರಿಯಾಗಿ ನಿಲ್ಲಲಿ” ಅಂತ ಬರೆದಿದ್ದರು. ಆ ಸಂದೇಶವನ್ನು ಅವರು ಅಳಿಸಿರಲಿಲ್ಲ. ತೆಗೆದು ತೋರಿಸಿದರು.

ಭಾಷೆಯ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಕಚೇರಿಯ ಭಾಷೆ ಇಂಗ್ಲಿಷ್. ಹದಿನಾಲ್ಕು ಜನರಲ್ಲಿ ಒಬ್ಬರಿಗೂ ಅದು ಮನೆಮಾತಲ್ಲ. ಕನ್ನಡದಲ್ಲಿ ಕೊಡು ಅಂತಲೂ ಕೇಳಬಹುದು, ಕೊಡಿ ಅಂತಲೂ, ಕೊಡ್ತೀರಾ ಅಂತಲೂ, ಕೊಟ್ಟರೆ ದೊಡ್ಡ ಉಪಕಾರ ಅಂತಲೂ. ಮೆಟ್ಟಿಲು ಬದಲಾದ ಹಾಗೆ ಸಂಬಂಧವೇ ಬದಲಾಗುತ್ತದೆ. ಕಲಿತ ಭಾಷೆಯಲ್ಲಿ, ಅದೂ ಕೆಸರಿನಲ್ಲಿ ನಿಂತು ಹೆಬ್ಬೆರಳಲ್ಲಿ ಟೈಪ್ ಮಾಡುವಾಗ, ಎಲ್ಲರಿಗೂ ಸಿಗುವುದು ಕೆಳಗಿನ ಒಂದೇ ಮೆಟ್ಟಿಲು. “ಗಾಡಿ ಎಂಟಕ್ಕೆ ಬೇಕು.” ಬರೆದವರಿಗೆ ಅದು ಮಾಹಿತಿ. ಓದಿದವರಿಗೆ ಅಪ್ಪಣೆ.

ಮೇಡಂ ಹೇಳಿದ್ದರಲ್ಲಿ ನನಗೆ ಅತಿ ಹೆಚ್ಚು ಚುಚ್ಚಿದ್ದು ಇದಲ್ಲ. ಎದ್ದು ಬರುವಾಗ ಅವರು ನನ್ನದೇ ಎರಡು ಸಂದೇಶಗಳನ್ನು ತೋರಿಸಿದರು. ಜಗಳದ ಹಿಂದಿನ ದಿನ ಮಧ್ಯಾಹ್ನ ಎಂಜಿನಿಯರ್‌ಗೆ ಬರೆದು ಅವರಿಗೂ ಪ್ರತಿ ಹಾಕಿದ್ದೆ: ನೀರಿಗೆ ಮೊದಲ ಆದ್ಯತೆ. ಅದೇ ರಾತ್ರಿ ಹನ್ನೊಂದಕ್ಕೆ ವಿತರಣಾ ತಂಡದ ಬೆಳಗಿನ ಯೋಜನೆಗೆ ಒಪ್ಪಿಗೆ ಕೊಟ್ಟಿದ್ದೆ: ಹಾಗೇ ಮಾಡಿ. ಎರಡಕ್ಕೂ ಬೇಕಾದ ಗಾಡಿ ಒಂದೇ. ಯಾರಿಗೂ ಇಲ್ಲ ಅನ್ನದೆ ಒಳ್ಳೆಯವರಾಗಿ ಉಳಿಯುವ ನನ್ನ ಅಭ್ಯಾಸಕ್ಕೆ ಅವರಿಬ್ಬರು ನಲ್ಲಿಯ ಮುಂದೆ ನಿಂತು ಬೆಲೆ ತೆತ್ತಿದ್ದರು. ಥಾಮಸ್ ಮತ್ತು ಕಿಲ್‌ಮನ್ ಅನ್ನುವ ಸಂಶೋಧಕರು 1974ರಲ್ಲಿ ಹೊರತಂದ ಪ್ರಶ್ನಾವಳಿಯೊಂದಿದೆ. ಜಗಳ ಎದುರಾದಾಗ ನೀವು ಪೈಪೋಟಿಗಿಳಿಯುವವರೋ, ತಪ್ಪಿಸಿಕೊಳ್ಳುವವರೋ, ಬಗ್ಗುವವರೋ, ರಾಜಿಯಾಗುವವರೋ, ಕೂಡಿ ಬಗೆಹರಿಸುವವರೋ ಅಂತ ಅಂಕ ಕೊಡುತ್ತದೆ. ಯಾವುದೋ ತರಬೇತಿಯಲ್ಲಿ ನನಗೆ ರಾಜಿಯಲ್ಲಿ ಹೆಚ್ಚು ಅಂಕ ಬಂದಿತ್ತು, ಹೆಮ್ಮೆಪಟ್ಟಿದ್ದೆ. ಉಗ್ರಾಣದಿಂದ ಹೊರಬಂದಾಗ ಅನಿಸಿತು, ನಾನು ರಾಜಿ ಅಂದುಕೊಂಡಿದ್ದು ಬಹುಪಾಲು ತಪ್ಪಿಸಿಕೊಳ್ಳುವುದೇ ಆಗಿತ್ತು.

ಮೂರು ದಿನ ಬಿಟ್ಟು ಮೂವರೂ ಒಟ್ಟಿಗೆ ಕೂತೆವು. ಕಚೇರಿ ಬೇಡ, ಊಟದ ಮನೆಯೂ ಬೇಡ ಅಂತ ಶಿಬಿರದ ಖಾಲಿ ಶಾಲಾ ಡೇರೆಯನ್ನು ಕೇಳಿ ತೆಗೆದುಕೊಂಡಿದ್ದೆ. ಮಕ್ಕಳು ಕೂರುವ ಚಾಪೆ, ಹಾಗಾಗಿ ಯಾರಿಗೂ ದೊಡ್ಡ ಕುರ್ಚಿ ಸಿಗಲಿಲ್ಲ. ಫೋನುಗಳನ್ನು ಬೇರೆಯವರ ಕೈಗೆ ಕೊಟ್ಟು ಬಂದಿದ್ದೆವು. ಮೊದಲು ನಾನು ಆ ಎರಡು ಸಂದೇಶಗಳನ್ನು ಗಟ್ಟಿಯಾಗಿ ಓದಿದೆ. ತಪ್ಪು ನನ್ನದು ಅಂದೆ. ಎಂಜಿನಿಯರ್‌ಗೆ ರಾತ್ರಿಯ ಸಂದೇಶದ ವಿಷಯ ಗೊತ್ತೇ ಇರಲಿಲ್ಲ. ಮೇಡಂ ಬೇಕೆಂದೇ ಗಾಡಿ ತಿರುಗಿಸಿದರು ಅಂತಲೇ ಅವರು ಅಷ್ಟು ದಿನ ತಿಳಿದುಕೊಂಡಿದ್ದರು.

ಆಮೇಲೆ ಒಬ್ಬರ ಮಾತನ್ನು ಇನ್ನೊಬ್ಬರು ತಿರುಗಿ ಹೇಳಬೇಕು, ಹೇಳಿಸಿಕೊಂಡವರು ‘ಹೌದು’ ಅನ್ನುವವರೆಗೆ ಮುಂದೆ ಹೋಗುವಂತಿಲ್ಲ ಅಂತ ಮಾಡಿಕೊಂಡೆವು. ಮಕ್ಕಳಾಟದ ಹಾಗೆ ಕಾಣುತ್ತದೆ, ಮಾಡಿ ನೋಡಿದರೆ ಬೆವರಿಳಿಯುತ್ತದೆ. ಎಂಜಿನಿಯರ್ ಮೊದಲ ಸಲ, “ಇವರಿಗೆ ಡೀಸೆಲ್ ಲೆಕ್ಕದ ಭಯ ಇದೆ, ಆದರೆ...” ಅಂದರು. ‘ಆದರೆ’ ಬೇಡ ಅಂದೆ. ಎರಡನೇ ಸಲವೂ ಆದರೆ ಬಂತು. ಮೂರನೇ ಸಲ ಬಾಯಿಗೆ ಬಂದದ್ದನ್ನು ನುಂಗಿಕೊಂಡು ಕೆಮ್ಮಿದರು. ಮೇಡಂ ನಕ್ಕುಬಿಟ್ಟರು. ಹದಿನೇಳು ದಿನಗಳಲ್ಲಿ ಮೊದಲ ನಗು ಅದು, ನಾನು ಎಣಿಸಿಟ್ಟಿದ್ದೆ.

ಎಂಜಿನಿಯರ್‌ನ ಬಹುದಿನದ ದೂರು ಏನೆಂದರೆ, ಕ್ಲೋರಿನ್ ಪುಡಿಯನ್ನು ಟ್ಯಾಂಕಿನ ಹತ್ತಿರದ ಉಗ್ರಾಣದಲ್ಲಿಡುವುದು ಬಿಟ್ಟು ಗಾಡಿ ಹತ್ತಿ ಹೋಗಬೇಕಾದ ದೂರದ ಗೋದಾಮಿನಲ್ಲಿ ಯಾಕೆ ಇಟ್ಟಿದ್ದಾರೆ ಅನ್ನುವುದು. ಬೀಗದ ಕೈ ತಮ್ಮ ಹತ್ತಿರವೇ ಇರಲಿ ಅನ್ನುವ ಅಧಿಕಾರದ ಹಟ ಅಂದುಕೊಂಡಿದ್ದರು. ಮೇಡಂ ಹೇಳಿದ ಕಾರಣ ಬಹಳ ಸಣ್ಣದು. ಹತ್ತಿರದ ಉಗ್ರಾಣದಲ್ಲಿ ಜನರೇಟರಿನ ಡೀಸೆಲ್ ಬ್ಯಾರಲ್‌ಗಳಿದ್ದವು. ನಾವು ಬಳಸುತ್ತಿದ್ದದ್ದು ಎಚ್‌ಟಿಎಚ್, ಅಂದರೆ ಕ್ಯಾಲ್ಸಿಯಂ ಹೈಪೋಕ್ಲೋರೈಟ್. ಅದರ ತೂಕದಲ್ಲಿ ಶೇಕಡಾ 65ರಿಂದ 70ರಷ್ಟು ಕೆಲಸಕ್ಕೆ ಬರುವ ಕ್ಲೋರಿನ್. ಇಂಧನ ತಾಗಿದರೆ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಒಂದೇ ಸೂರಿನಡಿ ಎರಡನ್ನೂ ಇಡಬಾರದು ಅನ್ನುವುದು ಲಾಜಿಸ್ಟಿಕ್ಸ್‌ನವರ ಮೊದಲ ಪಾಠ, ನೀರಿನ ಎಂಜಿನಿಯರುಗಳದ್ದೂ ಅದೇ. ಡೀಸೆಲ್ ಬಂದ ದಿನವೇ ಮೇಡಂ ಕ್ಲೋರಿನ್ ಡ್ರಮ್ಮುಗಳನ್ನು ದೂರ ಸಾಗಿಸಿದ್ದರು. ಯಾಕೆ ಅಂತ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಎಂಜಿನಿಯರ್ ಸ್ವಲ್ಪ ಹೊತ್ತು ಚಾಪೆಯ ಅಂಚು ಕೀಳುತ್ತಾ ಕೂತರು. “ಅದನ್ನು ನಾನೇ ನಿಮಗೆ ಹೇಳಬೇಕಿತ್ತು,” ಅಂದರು ಕೊನೆಗೆ.

ಮಾತು ಅಲ್ಲಿಂದ ಪೆಟ್ಟಿಗೆಯ ಅಳತೆಗೆ ಬಂತು. ಟ್ಯಾಂಕಿನ ಪಕ್ಕ, ನೆರಳಿನಲ್ಲಿ, ಗಾಳಿಯಾಡುವ ಬೀಗದ ಪೆಟ್ಟಿಗೆ, ಅದರಲ್ಲಿ ಎರಡು ದಿನಕ್ಕಾಗುವಷ್ಟೇ ಕ್ಲೋರಿನ್, ಮೇಲೆ ಸ್ಟಾಕ್ ಕಾರ್ಡು, ಬೀಗದ ಕೈ ಇಬ್ಬರ ಹತ್ತಿರವೂ ಒಂದೊಂದು. ಬಡಗಿ ಮರುದಿನವೇ ಮಾಡಿಕೊಟ್ಟ. ಗಾಡಿಗೆ ಮಾತ್ರ ಇಷ್ಟು ಸುಲಭದ ಉತ್ತರ ಇರಲಿಲ್ಲ. ಯಾವುದು ಮೊದಲು ಅಂತ ಎರಡು ಗಂಟೆ ವಾದ ಮಾಡಿ ವೈಟ್‌ಬೋರ್ಡಿನ ಮೇಲೆ ನಾಲ್ಕು ಸಾಲು ಬರೆದೆವು: ಮೊದಲು ಜೀವದ ತುರ್ತು, ಆಮೇಲೆ ನೀರು, ಆಮೇಲೆ ವಿತರಣೆ, ಕೊನೆಗೆ ಸಿಬ್ಬಂದಿಯ ಓಡಾಟ. ನಾಳೆಯ ಗಾಡಿ ಇಂದು ಸಂಜೆ ಐದರೊಳಗೆ ಕೇಳಬೇಕು. ಆ ಕ್ರಮದೊಳಗೆ ಗಾಡಿ ಯಾರಿಗೆ ಅನ್ನುವ ತೀರ್ಮಾನ ಮೇಡಂದು, ನನ್ನ ಹತ್ತಿರ ದೂರು ತರುವಂತಿಲ್ಲ. ಕ್ರಮವನ್ನೇ ಮುರಿಯಬೇಕಾದರೆ ಮಾತ್ರ ನಾನು, ಅದೂ ಬೋರ್ಡಿನ ಮೇಲೆ ನನ್ನ ಹೆಸರು, ಕಾರಣ ಬರೆದು. ಬಯಲಿನಲ್ಲಿ ಜನ ಕೂತು ರಾತ್ರಿ ಮಳೆ ಬರುವಂತಿದ್ದರೆ ಅದನ್ನು ಮೊದಲ ಸಾಲಿಗೆ ಸೇರಿಸಬೇಕು ಅಂತ ಸೂಚಿಸಿದವರು ಎಂಜಿನಿಯರ್. ನಾನು ತಲೆಯೆತ್ತಿ ನೋಡಿದೆ, ಅವರು ನೋಡಲಿಲ್ಲ.

ಇದು ಮುರಿದುಬಿದ್ದದ್ದು ಹನ್ನೆರಡನೇ ದಿನ, ನನ್ನಿಂದಲೇ. ದಾನಿಗಳ ಕಡೆಯಿಂದ ಯಾರೋ ಹೇಳದೆ ಕೇಳದೆ ಬಂದಿಳಿದರು. ನೀರಿಗೆ ಹೊರಟಿದ್ದ ಗಾಡಿಯನ್ನು ನಾನು ದಾರಿಯಿಂದ ವಾಪಸ್ ಕರೆಸಿದೆ. ಸಂಜೆ ಬಂದು ನೋಡಿದರೆ ಮೇಡಂ ಬೋರ್ಡಿನ ಮುಂದೆ ಮಾರ್ಕರ್ ಹಿಡಿದು ನಿಂತಿದ್ದಾರೆ. “ಇವರನ್ನು ಯಾವ ಸಾಲಿನಲ್ಲಿ ಬರೆಯಲಿ? ಜೀವದ ತುರ್ತಾ?” ಡ್ರೈವರುಗಳೆಲ್ಲ ಕಿವಿ ನಿಮಿರಿಸಿಕೊಂಡಿದ್ದರು. ಮಾರ್ಕರ್ ಇಸಿದುಕೊಂಡು ನನ್ನ ಹೆಸರು ಬರೆದೆ, ಕಾರಣದ ಜಾಗದಲ್ಲಿ ‘ಮುಜುಗರ’ ಅಂತ ಬರೆದೆ. ಒಂದು ವಾರ ಅದನ್ನು ಯಾರೂ ಅಳಿಸಲಿಲ್ಲ. ಬೋರ್ಡಿನ ಮೇಲೆ ಜನಕ್ಕೆ ನಂಬಿಕೆ ಹುಟ್ಟಿದ್ದು ಆ ವಾರ ಅಂತ ನನ್ನ ಊಹೆ.

ಸ್ಥಳೀಯರ ವಿಷಯದಲ್ಲಿ ನನ್ನಿಂದ ಮಾಡಲಾಗಿದ್ದು ಕಡಿಮೆ. ಸಂಬಳದ ಶ್ರೇಣಿ, ವಿಶ್ರಾಂತಿ ರಜೆಯ ನಿಯಮ ಎಲ್ಲ ಬೇರೆಲ್ಲೋ ಕೂತವರು ಬರೆದದ್ದು. ಕೋರ್ ಹ್ಯುಮಾನಿಟೇರಿಯನ್ ಸ್ಟ್ಯಾಂಡರ್ಡ್ ಅನ್ನುವ, 2014ರಿಂದ ಬಹಳಷ್ಟು ಸಂಸ್ಥೆಗಳು ಒಪ್ಪಿ ನಡೆಯುತ್ತೇವೆನ್ನುವ ಒಂಬತ್ತು ವಚನಗಳ ದಾಖಲೆಯೊಂದಿದೆ. 2014ರ ಆವೃತ್ತಿಯಲ್ಲಿ ಅದರ ಎಂಟನೆಯದು ಸಿಬ್ಬಂದಿಗೆ ಬೆಂಬಲ ಮತ್ತು ನ್ಯಾಯವಾದ, ಸಮನಾದ ನಡವಳಿಕೆ ಸಿಗಬೇಕು ಅನ್ನುತ್ತಿತ್ತು. ಅದನ್ನು ಉಲ್ಲೇಖಿಸಿ ಮೇಲಿನವರಿಗೆ ಎರಡು ಪುಟ ಬರೆದೆ. ತಲುಪಿದೆ ಅಂತ ಉತ್ತರ ಬಂತು, ಅಷ್ಟೇ. ನನ್ನ ಕೈಯಲ್ಲಿದ್ದದ್ದನ್ನು ಮಾಡಿದೆ: ವಾರಕ್ಕೊಂದು ರಜೆ ಸರದಿಯ ಮೇಲೆ, ಯಾರೂ ಮುಟ್ಟದ ಹಾಗೆ. ಸಂಜೆ ಏಳರ ಸಭೆ ಬೆಳಿಗ್ಗೆಗೆ ಹೋಯಿತು, ಯಾಕೆಂದರೆ ಏಳಕ್ಕೆ ಸ್ಥಳೀಯರು ಕತ್ತಲಲ್ಲಿ ಮನೆ ಸೇರಬೇಕಿತ್ತು, ನಾವು ಮೆಟ್ಟಿಲು ಹತ್ತಿದರೆ ಸಾಕಿತ್ತು. ಸಭೆಯ ಹೊತ್ತು ಬದಲಾದ ಮೇಲೆ ಜಗಳಗಳೂ ಕಡಿಮೆಯಾದವು, ಇದು ನಾನು ಎಣಿಸಿರದ ಲಾಭ. ನನ್ನ ನೋಟ್‌ಬುಕ್ ತಿರುವಿ ನೋಡಿದರೆ ದೊಡ್ಡ ಕೂಗಾಟಗಳೆಲ್ಲ ಹೆಚ್ಚುಕಮ್ಮಿ ಸಂಜೆಯವೇ, ಹಸಿದ ಹೊಟ್ಟೆಯವೇ.

ಒಂದು ವಿಷಯವನ್ನು ಬಿಡುವಂತಿಲ್ಲ. ಶಾಲಾ ಡೇರೆಯ ಯಶಸ್ಸು ನನ್ನ ತಲೆಗೇರಿತ್ತು. ಆಗ ಉಗ್ರಾಣದ ಸಹಾಯಕನಿಗೂ ಮೆಟ್ಟಿಲ ಮೇಲೆ ಕೂತು ವರದಿ ಬರೆಯುತ್ತಿದ್ದಳು ಅಂದೆನಲ್ಲ, ಆ ಹುಡುಗಿಗೂ ಮಾತಿಲ್ಲ ಅನ್ನುವುದು ಕಣ್ಣಿಗೆ ಬಿತ್ತು. ಅದೇನೋ ಅವರಿಬ್ಬರ ಸ್ವಂತ ಜಗಳ, ಕೂರಿಸಿ ಮಾತಾಡಿಸಿ ಅಂತ ಎಲ್ಲರೂ ಹೇಳಿದರು. ನಾನು ಡೇರೆಯನ್ನೂ ಗೊತ್ತು ಮಾಡಿಬಿಟ್ಟಿದ್ದೆ. ಹಿಂದಿನ ದಿನ ಅವಳೊಬ್ಬಳ ಜೊತೆ ಕೂತೆ. ನೆರವಿನ ಪಟ್ಟಿಯಲ್ಲಿ ಹೆಸರು ಸೇರಿಸುತ್ತೇನೆಂದು ಅವನು ಶಿಬಿರದ ಹೆಣ್ಣುಮಕ್ಕಳ ಫೋನ್ ನಂಬರ್ ಕೇಳುತ್ತಿದ್ದಾನೆ ಅಂದಳು. ನನಗೆ ಕೈ ತಣ್ಣಗಾಯಿತು. ಇದು ಜಗಳವೇ ಅಲ್ಲ. ನೆರವಿನ ಕೆಲಸಗಾರರಿಂದ ನಡೆಯುವ ಲೈಂಗಿಕ ಶೋಷಣೆಯ ಬಗ್ಗೆ, ವಿಶ್ವಸಂಸ್ಥೆಯ ಮತ್ತು ಇತರ ನೆರವಿನ ಸಂಸ್ಥೆಗಳು ಕೂಡಿದ ಅಂತರಸಂಸ್ಥೆ ಸ್ಥಾಯಿ ಸಮಿತಿ 2002ರಲ್ಲಿ ಒಪ್ಪಿದ ಆರು ಮೂಲ ಸೂತ್ರಗಳಲ್ಲಿ ಒಂದು, ಸಹೋದ್ಯೋಗಿಯ ಮೇಲೆ ಅನುಮಾನ ಬಂದರೂ ಸಾಕು, ಗೊತ್ತುಮಾಡಿದ ದಾರಿಯಲ್ಲಿ ತಿಳಿಸಲೇಬೇಕು ಅನ್ನುತ್ತದೆ. ರಾಜಿ ಮಾಡಿಸುವುದು, ನಾನೇ ವಿಚಾರಣೆ ಮಾಡುವುದು, ಅವನನ್ನು ಕರೆದು ‘ಹೌದೇನಯ್ಯಾ’ ಅಂತ ಕೇಳುವುದು, ಮೂರೂ ತಪ್ಪು. ಆ ಗಂಟೆಯೇ ಗೋಪ್ಯ ದೂರಿನ ವ್ಯವಸ್ಥೆಗೆ ತಿಳಿಸಿದೆ. ಮುಂದೇನಾಯಿತು ಅನ್ನುವುದು ಹೇಳುವ ವಿಷಯವಲ್ಲ. ಒಂದು ದಿನ ತಡವಾಗಿದ್ದರೆ ನಾನು ಆ ಹುಡುಗಿಯನ್ನು ಅವನ ಎದುರು ಚಾಪೆಯ ಮೇಲೆ ಕೂರಿಸಿ, ಅವನ ಮಾತನ್ನು ತಿರುಗಿ ಹೇಳು ಅನ್ನುತ್ತಿದ್ದೆ. ರಾತ್ರಿ ಎಚ್ಚರವಾದಾಗ ಈಗಲೂ ನೆನಪಾಗುವುದು ನಲ್ಲಿಯ ಮುಂದಿನ ಜಗಳವಲ್ಲ, ಆಗದೇ ಹೋದ ಆ ಸಭೆ.

ಎಂಜಿನಿಯರ್ ಮತ್ತು ಮೇಡಂ ಸ್ನೇಹಿತರಾದರಾ ಅಂತ ಕೇಳುವವರಿದ್ದಾರೆ. ಇಲ್ಲ. ಊಟದ ಹೊತ್ತಿಗೆ ಬೇರೆಬೇರೆ ಮೇಜಿನಲ್ಲೇ ಕೂರುತ್ತಿದ್ದರು. ಅವರ ಸಂದೇಶಗಳು ಕೊನೆಯವರೆಗೂ ಗಿಡ್ಡವೇ, ಆದರೆ ‘ನಿಮ್ಮವರು’ ಅನ್ನುವ ಪದ ಮತ್ತೆ ಬರಲಿಲ್ಲ. ಮೇಡಂ ಕೂಡ ಗಾಡಿ ಕೊಡಲಾಗದ ದಿನ ಬರಿ ‘ಆಗಲ್ಲ’ ಅನ್ನುವುದನ್ನು ಬಿಟ್ಟು ಅರ್ಧ ಸಾಲು ಕಾರಣ ಬರೆಯುತ್ತಿದ್ದರು.

ಎಂಜಿನಿಯರ್ ಒಪ್ಪಂದ ಮುಗಿಸಿ ಹೊರಟ ದಿನ ಅವರ ಎರಡು ಬ್ಯಾಗುಗಳು ಬೆಳಿಗ್ಗೆ ಏಳಕ್ಕೇ ಬಾಗಿಲಲ್ಲಿದ್ದವು. ಗಾಡಿ ಇರಲಿಲ್ಲ. ಬೋರ್ಡಿನ ಮೇಲೆ ಎರಡನೇ ಸಾಲಿನಲ್ಲಿ ಕ್ಲೋರಿನ್ ಅಂತಿತ್ತು, ನಾಲ್ಕನೇ ಸಾಲಿನಲ್ಲಿ ಅವರ ಹೆಸರು, ಮೇಡಂ ಕೈಬರಹದಲ್ಲಿ. ನಾನು ಫೋನ್ ಎತ್ತಿಕೊಂಡೆ. ಅವರು ಬೇಡ ಅಂತ ಕೈ ಮಾಡಿ ಬ್ಯಾಗಿನ ಮೇಲೆ ಕೂತರು. ನಲವತ್ತು ನಿಮಿಷ ಕಾದರು. ಗಾಡಿ ಬಂದಾಗ ಮುಂದಿನ ಸೀಟಿನಿಂದ ಮೇಡಂ ಇಳಿದು ಪೂಲ್ ಟೆಸ್ಟರ್ ಚಾಚಿದರು. ಎಂಜಿನಿಯರ್ ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬೆಳಕಿಗೆ ತಿರುಗಿಸಿ, ಪಕ್ಕದ ಬಣ್ಣದ ಪಟ್ಟಿಗೆ ಹೋಲಿಸಿ ನೋಡಿದರು.

“ಸೊನ್ನೆ ಪಾಯಿಂಟ್ ನಾಲ್ಕು.”

“ಐದು,” ಅಂದರು ಮೇಡಂ.

ಡ್ರೈವರ್ ಬ್ಯಾಗುಗಳನ್ನು ಹಿಂದೆ ಹಾಕುವವರೆಗೂ ಅದೇ ವಾದ ನಡೆಯುತ್ತಿತ್ತು.